ಪಶ್ಚಿಮಕ್ಕೆ ಮುಖ ಮಾಡಿದ ಜಗಲಿಗೆ ಹೊಸ ಕುಂಡ, ಹೊಸ ಗಿಡ

ನಮ್ಮದು ದಕ್ಷಿಣ ಬೆಂಗಳೂರಿನ ಹಳೇ ಬಡಾವಣೆಯ ಮನೆ. ಮುಂದೆ 12 ಅಡಿ ಉದ್ದ, 6 ಅಡಿ ಅಗಲದ ಜಗಲಿ. ರೆಡ್ ಆಕ್ಸೈಡ್ ನೆಲ, ಎರಡು ಬದಿಗೆ ಕೂರುವ ಕಟ್ಟೆ. ಮುಂಭಾಗ ತೆರೆದೇ ಇದೆ, ನಡುವೆ 4 ಅಡಿ ಅಗಲದ ಎರಡು ಮೆಟ್ಟಿಲು. ಮನೆ ಪಶ್ಚಿಮಕ್ಕೆ ಮುಖ ಮಾಡಿದೆ. ಯಾವ ಕುಂಡ, ಯಾವ ಗಿಡ ಅನ್ನೋದನ್ನೆಲ್ಲ ತೀರ್ಮಾನ ಮಾಡಿದ್ದು ಈ ಪಶ್ಚಿಮದ ಬಿಸಿಲೇ.

ಬರಬರುತ್ತಾ ಈ ಜಗಲಿ ಸಾಮಾನು ಇಡುವ ಜಾಗ ಆಗಿಬಿಟ್ಟಿತ್ತು. ಅಂಚು ಒಡೆದ ಪ್ಲಾಸ್ಟಿಕ್ ಕುಂಡಗಳು, ಅರ್ಧ ಒಣಗಿದ ಕ್ರೋಟನ್, ಅವುಗಳ ನಡುವೆ ಚಪ್ಪಲಿ, ಹಾಲಿನ ಚೀಲ, ಹಳೇ ಪೇಪರ್ ಕಟ್ಟು. ಕಟ್ಟೆಯ ಮೇಲೂ ಕುಂಡ ಇದ್ದಿದ್ದರಿಂದ ಯಾರೂ ಕೂರುತ್ತಿರಲಿಲ್ಲ. ಸಂಜೆ ಕಾಫಿ ಹಿಡಿದು ಅಪ್ಪ ಮತ್ತೆ ಅಲ್ಲಿ ಕೂರಬೇಕು, ಅಮ್ಮನಿಗೆ ಮುಡಿಯೋಕೆ, ದೇವರಿಗೆ ಇಡೋಕೆ ಒಂದಿಷ್ಟು ಹೂವು ಸಿಗಬೇಕು, ಬಾಗಿಲಿನ ಮುಂದೆ ನೀರು ಹಾಕಿ ರಂಗೋಲಿ ಬಿಡೋಕೆ ಜಾಗ ಖಾಲಿ ಇರಬೇಕು. ನನಗೆ ಬೇಕಿದ್ದದ್ದು ಇಷ್ಟೇ. ಜಗಲಿ ಇರೋದು ಕೂರೋಕೆ. ಗಿಡ ಎಷ್ಟೇ ಚೆಂದ ಇದ್ದರೂ ಕೂರುವ ಜಾಗ ನುಂಗಬಾರದು.

ಅದಕ್ಕೇ ಗಿಡವನ್ನು ಎಲ್ಲಕ್ಕಿಂತ ಕೊನೆಗೆ ತಂದೆ. ನರ್ಸರಿಗೆ ಮೊದಲೇ ಹೋದರೆ ಕಣ್ಣಿಗೆ ಬಿದ್ದದ್ದೆಲ್ಲ ಬೇಕು ಅನ್ನಿಸುತ್ತದೆ. ತಂದಮೇಲೆ ಅದಕ್ಕೊಂದು ಜಾಗ ಹುಡುಕಬೇಕು, ಆ ಜಾಗದ ಬಿಸಿಲು ಅದಕ್ಕೆ ಆಗಿಬರುವುದಿಲ್ಲ. ಬಿಸಿಲು ನೋಡಿ ಜಾಗ, ಜಾಗ ನೋಡಿ ಕುಂಡ, ಕುಂಡ ನೋಡಿ ಗಿಡ. ಈ ಕ್ರಮ ಹಿಡಿದರೆ ದುಡ್ಡೂ ಉಳಿಯುತ್ತದೆ, ಗಿಡಗಳೂ ಉಳಿಯುತ್ತವೆ.

ಸೀಮೆಸುಣ್ಣದ ಗೆರೆ

ಬಿಸಿಲು ಅಳೆಯೋಕೆ ಯಾವ ಉಪಕರಣವೂ ಬೇಡ. ಒಂದು ಸೀಮೆಸುಣ್ಣ ಸಾಕು. ಬಿಸಿಲಿನ ಅಂಚು ನೆಲದ ಮೇಲೆ ಎಲ್ಲಿದೆಯೋ ಅಲ್ಲಿ ಗಂಟೆಗೊಮ್ಮೆ ಗೆರೆ ಎಳೆದು ಪಕ್ಕದಲ್ಲಿ ಹೊತ್ತು ಬರೆದೆ. ನಮ್ಮ ಸಜ್ಜಾ ನೆಲದ ಅಂಚಿಗಿಂತ ಮುಂದಕ್ಕೆ ಚಾಚಿಕೊಂಡಿದೆ. ಹಾಗಾಗಿ ಮಾರ್ಚ್‌ನಲ್ಲಿ ಮಧ್ಯಾಹ್ನ ಒಂದೂವರೆ ತನಕ ಜಗಲಿಗೆ ನೇರ ಬಿಸಿಲಿಲ್ಲ. ಆಮೇಲೆ ಅಂಚಿನಿಂದ ಒಳಕ್ಕೆ ಬರೋಕೆ ಶುರುವಾಗಿ, ಮೂರು ಗಂಟೆ ಹೊತ್ತಿಗೆ ಹಿಂದಿನ ಗೋಡೆ ಮುಟ್ಟುತ್ತದೆ. ಅಲ್ಲಿಂದ ಸೂರ್ಯ ಮುಳುಗುವ ತನಕ ಸುಡು ಬಿಸಿಲು. ಗೋಡೆ ಕಾದು, ರಾತ್ರಿ ಎಂಟಾದರೂ ಕೈಗೆ ಬಿಸಿ ತಾಗುತ್ತದೆ.

ಆದರೆ ಒಂದು ದಿನದ ಗೆರೆ ನಂಬಿಕೊಂಡರೆ ಸಾಲದು. ಬೆಂಗಳೂರು ಇರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಇಲ್ಲಿ ಸೂರ್ಯ ನಡುನೆತ್ತಿಗೆ ಬರುವುದು ವರ್ಷಕ್ಕೆ ಎರಡು ಸಲ, ಏಪ್ರಿಲ್ 24ರ ಆಸುಪಾಸು ಮತ್ತು ಆಗಸ್ಟ್ 18ರ ಆಸುಪಾಸು. ಆ ಎರಡರ ನಡುವಿನ ತಿಂಗಳುಗಳಲ್ಲಿ ಮಧ್ಯಾಹ್ನದ ಸೂರ್ಯ ನಮಗೆ ಉತ್ತರದ ಕಡೆ ಇರುತ್ತಾನೆ. ಮುಳುಗುವ ಜಾಗವೂ ಸರಿಯುತ್ತದೆ. ಜೂನ್ ಕೊನೆಯಲ್ಲಿ ನೇರ ಪಶ್ಚಿಮದಿಂದ ಸುಮಾರು 24 ಡಿಗ್ರಿ ಉತ್ತರಕ್ಕೆ, ಡಿಸೆಂಬರ್ ಕೊನೆಯಲ್ಲಿ ಅಷ್ಟೇ ದಕ್ಷಿಣಕ್ಕೆ.

ನಮ್ಮ ಮನೆ ಎದುರು, ನೈಋತ್ಯದಲ್ಲಿ, ರಸ್ತೆ ಬದಿಯ ಒಂದು ದೊಡ್ಡ ಹೊಂಗೆ ಮರ ಇದೆ. ಡಿಸೆಂಬರ್‌ನಲ್ಲಿ ಸಂಜೆ ಬಿಸಿಲನ್ನು ಅದು ತಡೆಯುತ್ತದೆ. ಮೇ ತಿಂಗಳಲ್ಲಿ ಸೂರ್ಯ ಉತ್ತರಕ್ಕೆ ಸರಿದು ಮರದ ಪಕ್ಕದಿಂದ ಬಂದುಬಿಡುತ್ತಾನೆ. ಜಗಲಿಯ ಉತ್ತರದ ಅರ್ಧಕ್ಕೆ ಆಗ ಪೂರ್ತಿ ಬಿಸಿಲು, ದಕ್ಷಿಣದ ಅರ್ಧಕ್ಕೆ ಮಾತ್ರ ನಾಲ್ಕು ಗಂಟೆ ಮೇಲೆ ಒಂದಿಷ್ಟು ನೆರಳು. ಇದು ಗೊತ್ತಾದ ಕೂಡಲೇ ಅರ್ಧ ಕೆಲಸ ಮುಗಿದಂತೆ ಆಯಿತು. ದಕ್ಷಿಣದ ಕಟ್ಟೆ ಅಪ್ಪನಿಗೆ. ಉತ್ತರದ ಕಡೆ ಬಿಸಿಲು ತಾಳುವ ಗಿಡ್ಡ ಗಿಡಗಳು.

ಒಂದು ತಂಬಿಗೆ ನೀರು

ಮುಂದಿನದು ನೀರು ಎತ್ತ ಹರಿಯುತ್ತದೆ ಅನ್ನೋದು. ಜಗಲಿ ಪೂರ್ತಿ ಖಾಲಿ ಮಾಡಿ, ಗುಡಿಸಿ, ಹೊಸ್ತಿಲ ಹತ್ತಿರ ಒಂದು ತಂಬಿಗೆ ನೀರು ನಿಧಾನವಾಗಿ ಸುರಿದೆ. ನೀರು ಮೊದಲು ನೇರವಾಗಿ ಮುಂದಕ್ಕೆ ಬಂತು, ಆಮೇಲೆ ಉತ್ತರದ ಕಟ್ಟೆಯ ಬುಡಕ್ಕೆ ತಿರುಗಿತು, ಅಲ್ಲಿ ಅಂಗೈ ಅಗಲದ ಒಂದು ತಗ್ಗಿನಲ್ಲಿ ನಿಂತಿತು. ಹಳೇ ಕುಂಡಗಳು ಇದ್ದದ್ದು ಸರಿಯಾಗಿ ಅದೇ ಜಾಗದಲ್ಲಿ. ಕುಂಡದ ತಳ ಯಾವಾಗಲೂ ಒದ್ದೆ ಇರುತ್ತಿದ್ದುದಕ್ಕೆ, ನೆಲದಲ್ಲಿ ಬಿಳಿ ಬಳೆಗಳು ಮೂಡಿದ್ದಕ್ಕೆ ಕಾರಣ ಇದೇ.

ಆ ಬಿಳಿ ಬಳೆ ಉಪ್ಪು. ಬೋರ್‌ವೆಲ್ ನೀರಿನಲ್ಲಿ ಕರಗಿರುವ ಲವಣ ಕುಂಡದ ಮಣ್ಣಿನ ಮೂಲಕ ಇಳಿದು, ನೆಲದ ಮೇಲೆ ಆರಿ ಗಟ್ಟಿಯಾಗಿರುತ್ತದೆ. ಇದನ್ನು ತೆಗೆಯೋಕೆ ಬಾತ್‌ರೂಂ ತೊಳೆಯುವ ಆಸಿಡ್ ಬಳಸಿ ಅಂತ ಹೇಳುವವರು ಜಾಸ್ತಿ. ದಯವಿಟ್ಟು ಬೇಡ. ರೆಡ್ ಆಕ್ಸೈಡ್ ನೆಲ ಅಂದರೆ ಸಿಮೆಂಟ್ ನೆಲವೇ. ಆಸಿಡ್ ಸಿಮೆಂಟನ್ನು ತಿನ್ನುತ್ತದೆ, ವರ್ಷಗಟ್ಟಲೆ ಉಜ್ಜಿ ಬಂದ ಹೊಳಪು ಒಂದೇ ಸಲಕ್ಕೆ ಹೋಗುತ್ತದೆ. ನಾನು ಬಿಸಿ ನೀರು, ಸೋಪು, ತೆಂಗಿನ ನಾರಿನಲ್ಲಿ ಉಜ್ಜಿದೆ. ಹೋಗದೆ ಉಳಿದ ಕಡೆ 400 ನಂಬರಿನ ವಾಟರ್ ಪೇಪರ್, ಅಂದರೆ ಒದ್ದೆ ಮಾಡಿ ತಿಕ್ಕುವ ನುಣ್ಣನೆ ಸ್ಯಾಂಡ್ ಪೇಪರನ್ನು ನೀರಲ್ಲಿ ಅದ್ದಿ, ಬೆರಳಿನಷ್ಟೇ ಒತ್ತಡ ಹಾಕಿ ದುಂಡಗೆ ತಿಕ್ಕಿದೆ. ಸಮಯ ಹಿಡಿಯುತ್ತದೆ. ಆದರೆ ಬಣ್ಣ ಹಾಗೇ ಉಳಿಯುತ್ತದೆ.

ತಗ್ಗು ತುಂಬುವ ಕೆಲಸಕ್ಕೆ ಸಿಮೆಂಟ್, ಜರಡಿ ಹಿಡಿದ ನುಣ್ಣನೆ ಮರಳು, ರೆಡ್ ಆಕ್ಸೈಡ್ ಪುಡಿ. ಬಣ್ಣ ಸಿಮೆಂಟಿನ ತೂಕದ ಹತ್ತನೇ ಒಂದು ಭಾಗ ದಾಟದಂತೆ ನೋಡಿಕೊಂಡೆ, ಅದಕ್ಕಿಂತ ಜಾಸ್ತಿ ಆದರೆ ಗಾರೆಯ ಬಲ ಕುಗ್ಗುತ್ತದೆ. ಮೊದಲು ಒಂದು ಹಳೇ ಹೆಂಚಿನ ಮೇಲೆ ಸ್ವಲ್ಪ ಬಳಿದು ಒಣಗಿಸಿ ನೋಡುವುದು ಒಳ್ಳೆಯದು. ಒದ್ದೆ ಇದ್ದಾಗ ಕಾಣುವ ಬಣ್ಣವೇ ಬೇರೆ, ಒಣಗಿದ ಮೇಲಿನ ಬಣ್ಣವೇ ಬೇರೆ. ತಗ್ಗಿನ ನುಣುಪನ್ನು ಉಳಿಯಲ್ಲಿ ಕಚ್ಚು ಮಾಡಿ, ಧೂಳು ತೆಗೆದು, ನೀರು ಕುಡಿಸಿ, ಸಿಮೆಂಟ್ ಹಾಲು ಬಳಿದು, ಅದರ ಮೇಲೆ ಗಾರೆ ಹಾಕಿ ಕರಣೆಯಲ್ಲಿ ಒತ್ತಿ ತಿಕ್ಕಿದೆ. ಮೇ ತಿಂಗಳ ಬಿಸಿಲು, ಅದೂ ಪಶ್ಚಿಮದ್ದು. ಒದ್ದೆ ಗೋಣಿಚೀಲ ಹೊದಿಸಿ ಒಂದು ವಾರ ಆರದಂತೆ ಕಾದೆ. ತೇಪೆ ಹಾಕಿದ್ದು ಹತ್ತಿರದಿಂದ ನೋಡಿದರೆ ಈಗಲೂ ಕಾಣುತ್ತದೆ. ಹಳೇ ನೆಲದ ಆಳವಾದ ಕೆಂಪು ಹೊಸ ಗಾರೆಗೆ ಒಂದೇ ದಿನಕ್ಕೆ ಬರುವುದಿಲ್ಲ, ಕಾಲಾಡಿ ಕಾಲಾಡಿ ಬರಬೇಕು.

ಒಣಗಿದ ಮೇಲೆ ಒಳಗಿನ ನಾಲ್ಕು ಅಡಿಗೆ ಮಾತ್ರ ಕೆಂಪು ಮೇಣದ ಪಾಲಿಶ್ ಹಾಕಿದೆ. ಮುಂದಿನ ಎರಡು ಅಡಿಗೆ ಮತ್ತು ಮೆಟ್ಟಿಲಿಗೆ ಹಾಕಲಿಲ್ಲ. ಮುಂಗಾರಿನ ಗಾಳಿ ಬೀಸುವುದೇ ಪಶ್ಚಿಮದಿಂದ. ಇರಚಲು ಬಿದ್ದ ಪಾಲಿಶ್ ನೆಲದ ಮೇಲೆ ವಯಸ್ಸಾದವರು ಕಾಲಿಟ್ಟರೆ ಜಾರುತ್ತದೆ.

ಮರದ ಪೆಟ್ಟಿಗೆ

ಈ ಕೆಲಸದಲ್ಲಿ ನನಗೆ ತುಂಬಾ ಇಷ್ಟವಾದ ಭಾಗ ಇದು. ಮೆಟ್ಟಿಲ ಎರಡೂ ಕಡೆ ಜಗಲಿಯ ಅಂಚಿನಲ್ಲಿ ತಲಾ 4 ಅಡಿ ಜಾಗ ಇದೆ. ಅಲ್ಲಿ ಎರಡು ಉದ್ದನೆ ಪೆಟ್ಟಿಗೆ ಇಟ್ಟರೆ ಅಂಚಿಗೆ ಒಂದು ತಡೆಯೂ ಆಯಿತು, ಗಿಡಕ್ಕೆ ಜಾಗವೂ ಆಯಿತು.

ಪ್ಲಾಸ್ಟಿಕ್ ಕುಂಡ ಸುಮ್ನೆ ಸಾಲಾಗಿ ಇಡಬಹುದಿತ್ತು. ಆದರೆ ಕಪ್ಪು ಪ್ಲಾಸ್ಟಿಕ್ ಕುಂಡದ ಒಂದು ಮಗ್ಗುಲಿಗೆ ಮಧ್ಯಾಹ್ನ ಮೂರರ ಬಿಸಿಲು ನೇರ ಬಿದ್ದರೆ, ಆ ಕಡೆಯ ಬೇರು ಬೆಂದುಹೋಗುತ್ತದೆ. ಗಿಡಕ್ಕೆ ನೀರು ಇದ್ದೂ ಬಾಡುತ್ತಿದೆ ಅಂದರೆ ಕುಂಡದ ಹೊರಗೋಡೆ ಮುಟ್ಟಿ ನೋಡಿ. ಮರದ ಹಲಗೆ ನಡುವೆ ನಿಂತು ಆ ಬಿಸಿಲನ್ನು ತಾನು ತಿನ್ನುತ್ತದೆ. ಹಲಗೆಗೂ ಕುಂಡಕ್ಕೂ ನಡುವೆ ಇರುವ ಗಾಳಿಯೂ ತಂಪು ಕೊಡುತ್ತದೆ.

ಮರ ತಂದದ್ದು ಹಳೇ ಮನೆ ಒಡೆದ ಸಾಮಾನು ಮಾರುವ ಅಂಗಡಿಯಿಂದ. ಬೆಂಗಳೂರಿನಲ್ಲಿ ಹಳೇ ಮನೆಗಳು ಬೀಳುತ್ತಲೇ ಇವೆ, ಅವುಗಳ ಬಾಗಿಲು, ಕಿಟಕಿ, ತೊಲೆ ಎಲ್ಲ ಇಂಥ ಅಂಗಡಿಗೆ ಬರುತ್ತವೆ. "ಹೂವಿನ ಪೆಟ್ಟಿಗೆಗೆ ತೇಗ ಯಾಕಮ್ಮಾ, ಸಿಲ್ವರ್ ಓಕ್ ತಗೊಳ್ಳಿ, ಕಮ್ಮಿಗೆ ಬರುತ್ತೆ" ಅಂದರು ಅಂಗಡಿಯವರು. ಸಿಲ್ವರ್ ಓಕ್ ಕಾಫಿ ತೋಟದ ನೆರಳಿಗೆ ಬೆಳೆಸುವ ಮರ, ಒಳಾಂಗಣದ ಕೆಲಸಕ್ಕೆ ಚೆನ್ನ. ಮಳೆ ನೀರು, ಒದ್ದೆ ಮಣ್ಣು ಇರುವ ಕಡೆ ಬೇಗ ಲಡ್ಡಾಗುತ್ತದೆ. ಹಳೇ ಬಾಗಿಲಿನ ತೇಗದ ಹಲಗೆಯನ್ನೇ ಆರಿಸಿದೆ. ಈ ಕೆಲಸದಲ್ಲಿ ಜಾಸ್ತಿ ದುಡ್ಡು ಹೋಗಿದ್ದೂ ಇದಕ್ಕೇ.

ಹಳೇ ಮರ ಕೊಯ್ಯುವ ಮೊದಲು ಮೊಳೆ ಹುಡುಕಬೇಕು. ಬಣ್ಣದ ಪದರದ ಕೆಳಗೆ ತಲೆ ಮುರಿದ ಮೊಳೆ ಅಡಗಿರುತ್ತದೆ, ಗರಗಸಕ್ಕೆ ಸಿಕ್ಕರೆ ಬ್ಲೇಡು ಹೋಗುತ್ತದೆ, ಕಣ್ಣಿಗೂ ಅಪಾಯ. ಹಳೇ ಸ್ಪೀಕರಿನಿಂದ ತೆಗೆದ ಅಯಸ್ಕಾಂತವನ್ನು ಹಲಗೆ ಮೇಲೆ ಎಳೆದುಕೊಂಡು ಹೋದೆ. ಎಲ್ಲಿ ಹಿಡಿದುಕೊಂಡಿತೋ ಅಲ್ಲಿ ಪೆನ್ಸಿಲ್ ಗುರುತು, ಆಮೇಲೆ ಇಕ್ಕಳ.

ಅಳತೆ ಹೀಗೆ. ಒಳಗಿನ ಉದ್ದ 45 ಇಂಚು, ಅಗಲ 9 ಇಂಚು, ಎತ್ತರ 10 ಇಂಚು. ಹಲಗೆ ಒಂದು ಇಂಚು ದಪ್ಪ ಇರುವುದರಿಂದ ಹೊರಗಿನ ಉದ್ದ 47 ಇಂಚು ಆಗುತ್ತದೆ, 4 ಅಡಿ ಜಾಗದಲ್ಲಿ ಸರಿಯಾಗಿ ಕೂರುತ್ತದೆ. ಒಳಗೆ 8 ಇಂಚಿನ ಐದು ಕುಂಡ. ನಾಲ್ಕು ಮೂಲೆಗೂ ಒಂದೂವರೆ ಇಂಚಿನ ರೀಪರ್ (ಉದ್ದನೆ ಮರದ ಪಟ್ಟಿ) ನಿಲ್ಲಿಸಿ, ಅದಕ್ಕೆ ಹಲಗೆಗಳನ್ನು ಸ್ಟೀಲ್ ಸ್ಕ್ರೂನಿಂದ ಬಿಗಿದೆ. ಕುಂಡ ದುಂಡಗಿರುವುದರಿಂದ ಮೂಲೆಯ ರೀಪರ್ ಅಡ್ಡ ಬರುವುದಿಲ್ಲ. ರೀಪರನ್ನು ಪೆಟ್ಟಿಗೆಗಿಂತ ಎರಡು ಇಂಚು ಕೆಳಕ್ಕೆ ಬಿಟ್ಟಿದ್ದೇನೆ, ಅದೇ ಕಾಲು. ನೆಲ ತೊಳೆದ ನೀರು ಅದರಡಿಯಿಂದ ಸಲೀಸಾಗಿ ಹೊರಕ್ಕೆ ಹೋಗುತ್ತದೆ, ಪೊರಕೆಯೂ ಆಡುತ್ತದೆ. ತಳಕ್ಕೆ ಅರ್ಧ ಇಂಚು ಸಂದು ಬಿಟ್ಟು ಅಡ್ಡ ಪಟ್ಟಿಗಳು. ಎದುರಿನ ಹಲಗೆ ಒಂದೇ ಅಲ್ಲ, ಐದೈದು ಇಂಚಿನ ಎರಡು, ನಡುವೆ ಸಣ್ಣ ಸಂದು. ಮಳೆಗಾಲದಲ್ಲಿ ಮರ ಊದಿಕೊಂಡರೆ ಅದಕ್ಕೆ ಜಾಗ ಬೇಕು.

ಗಟ್ಟಿ ಮರಕ್ಕೆ ನೇರ ಸ್ಕ್ರೂ ತಿರುಗಿಸಿದರೆ ತುದಿ ಸೀಳುತ್ತದೆ. ಪ್ರತಿ ಸ್ಕ್ರೂಗೂ ಮೊದಲು 3 ಮಿಲಿಮೀಟರ್ ತೂತು ಕೊರೆದೆ. ಎಲ್ಲ ಜೋಡಿಸಿ ರಸಮಟ್ಟ ಇಟ್ಟು ನೋಡಿ, ಕಾಲುಗಳನ್ನು ನೆಲದ ಇಳಿಜಾರಿಗೆ ತಕ್ಕಂತೆ ಉಜ್ಜಿ ಸರಿಮಾಡಿದೆ. ಕೊನೆಗೆ ಲಿನ್‌ಸೀಡ್ (ಅಗಸೆ) ಎಣ್ಣೆ ಎರಡು ಸಲ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಈ ಎಣ್ಣೆ ಆರುವಾಗ ಬಿಸಿ ಹುಟ್ಟುತ್ತದೆ, ಮುದ್ದೆಯಾದ ಬಟ್ಟೆ ತಾನಾಗೇ ಹೊತ್ತಿಕೊಳ್ಳಬಹುದು. ಬಯಲಲ್ಲಿ ಹರಡಿ ಒಣಗಿಸಿ, ಆಮೇಲೆ ಕಸಕ್ಕೆ ಹಾಕಿ.

ಪೆಟ್ಟಿಗೆಗೆ ನೇರವಾಗಿ ಮಣ್ಣು ತುಂಬದೆ ಕುಂಡ ಯಾಕೆ ಇಳಿಸಿದೆ ಅಂದರೆ, ಮೂರು ಕಾರಣ. ಮರಕ್ಕೆ ಒದ್ದೆ ಮಣ್ಣು ತಾಗುವುದಿಲ್ಲ, ಬಾಳಿಕೆ ಬರುತ್ತದೆ. ಮಣ್ಣು ತುಂಬಿದರೆ ಸುಮಾರು 60 ಲೀಟರ್ ಹಿಡಿಯುತ್ತದೆ, ನೀರು ಕುಡಿದ ಮೇಲೆ ಇಬ್ಬರು ಸೇರಿದರೂ ಅಲ್ಲಾಡುವುದಿಲ್ಲ. ಎಲ್ಲಕ್ಕಿಂತ ಮುಖ್ಯ, ಒಂದೊಂದು ಗಿಡಕ್ಕೂ ಬೇಕಾದ ನೀರು ಬೇರೆ. ಬೇರೆ ಕುಂಡ ಇದ್ದರೆ ಒಂದು ಗಿಡಕ್ಕೆ ದಿನಾ ನೀರು ಹಾಕಿ, ಪಕ್ಕದ ಲೋಳೆಸರವನ್ನು ವಾರ ಬಿಟ್ಟುಬಿಡಬಹುದು. ಒಂದು ಗಿಡ ಕೆಟ್ಟರೆ ಅದೊಂದನ್ನೇ ಎತ್ತಿ ತೆಗೆಯಬಹುದು.

ಮಣ್ಣಿನ ಕುಂಡ, ಕುಂಡದ ಮಣ್ಣು

ದೊಡ್ಡ ಗಿಡಗಳಿಗೆ ಮಣ್ಣಿನ ಕುಂಡವೇ ಬೇಕು ಅಂತ ಅಮ್ಮ ಹಟ ಹಿಡಿದಿದ್ದರು, ನನಗೂ ಅದೇ ಇಷ್ಟ. ಬೆನ್ಸನ್ ಟೌನ್ ಪಕ್ಕದ ಪಾಟರಿ ಟೌನ್‌ನಲ್ಲಿ ಕುಂಬಾರರ ಮನೆಗಳಿವೆ, ಅಲ್ಲಿ ಹೋಗಿ ನೋಡಿ ಆರಿಸಿದರೆ ಚೆನ್ನಾಗಿರುತ್ತದೆ. ಆರಿಸುವುದು ಕಿವಿಯಿಂದ. ಕುಂಡವನ್ನು ಒಂದು ಕೈಯಲ್ಲಿ ಎತ್ತಿ ಹಿಡಿದು ಬೆರಳ ಗೆಣ್ಣಿನಿಂದ ತಟ್ಟಿ. ಠಣ್ ಅಂತ ದನಿ ಬಂದರೆ ಚೆನ್ನಾಗಿ ಸುಟ್ಟಿದೆ. ದಪ್ ಅಂದರೆ ಎಲ್ಲೋ ಬಿರುಕಿದೆ, ಇಲ್ಲ ಸರಿಯಾಗಿ ಬೆಂದಿಲ್ಲ. ತಂದ ಮೇಲೆ ಒಂದು ರಾತ್ರಿ ನೀರಲ್ಲಿ ಮುಳುಗಿಸಿಡಬೇಕು. ಒಣ ಕುಂಡ ಮಣ್ಣಿನ ನೀರನ್ನು ತಾನೇ ಹೀರಿಕೊಂಡುಬಿಡುತ್ತದೆ.

ತೂತಿನ ಮೇಲೆ ಒಂದೇ ಒಂದು ಹೆಂಚಿನ ಚೂರು, ಬೋರಲಾಗಿ. ತಳಕ್ಕೆ ಎರಡು ಇಂಚು ಜಲ್ಲಿ ಹಾಕಿದರೆ ನೀರು ಚೆನ್ನಾಗಿ ಬಸಿಯುತ್ತದೆ ಅನ್ನೋದು ನಾವೆಲ್ಲ ಕೇಳಿರುವ ಮಾತು. ನಡೆಯುವುದು ಬೇರೆ. ನುಣ್ಣನೆ ಮಣ್ಣಿನಿಂದ ದೊಡ್ಡ ಜಲ್ಲಿಗೆ ನೀರು ಸುಲಭವಾಗಿ ಇಳಿಯುವುದಿಲ್ಲ. ಮೇಲಿನ ಮಣ್ಣಿನ ತಳಭಾಗ ಪೂರ್ತಿ ನೆನೆದ ಮೇಲೆಯೇ ಹನಿ ಕೆಳಗೆ ಬೀಳುವುದು. ಅಂದರೆ ಜಲ್ಲಿ ಹಾಕಿದಷ್ಟೂ ಒದ್ದೆ ಪದರ ಬೇರಿಗೆ ಹತ್ತಿರ ಬರುತ್ತದೆ, ಬೇರಿಗೆ ಸಿಗುವ ಜಾಗವೂ ಕಮ್ಮಿ. ಬಸಿಯಬೇಕಾದ್ದು ಮಣ್ಣೇ.

ಬೆಂಗಳೂರಿನ ಕೆಂಪು ಮಣ್ಣು ನೆಲದಲ್ಲಿ ಒಳ್ಳೆಯದು. ಕುಂಡದಲ್ಲಿ ಅದೊಂದನ್ನೇ ಹಾಕಿದರೆ ಎರಡು ಬೇಸಿಗೆಗೆ ಕಲ್ಲಾಗುತ್ತದೆ. ನಾನು ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ಕೋಕೋಪೀಟ್, ಒಂದು ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಅರ್ಧ ಪಾಲು ಸುಟ್ಟ ಭತ್ತದ ಹೊಟ್ಟು ಕಲಸಿದೆ. ಕುಂಡಕ್ಕೊಂದು ಹಿಡಿ ಬೇವಿನ ಹಿಂಡಿ. ಕೋಕೋಪೀಟ್ 5 ಕೆಜಿ ಬ್ಲಾಕ್ ನೀರು ಕುಡಿದು 70 ಲೀಟರಿನಷ್ಟು ಉಬ್ಬುತ್ತದೆ, ಚಿಕ್ಕ ಬಕೆಟ್ಟಿನಲ್ಲಿ ನೆನೆಸೋಕೆ ಹೋಗಬೇಡಿ. ನೆನೆದ ಮೇಲೆ ಒಂದೆರಡು ಸಲ ನೀರು ಬದಲಿಸಿ ಹಿಂಡಿದೆ, ತೆಂಗಿನ ನಾರಿನಲ್ಲಿ ಉಪ್ಪಿನ ಅಂಶ ಇರುತ್ತದೆ.

ಕಡಲೆಕಾಯಿ ಹಿಂಡಿ ಕೊಳೆಸಿದ ನೀರು ಗಿಡಕ್ಕೆ ತುಂಬಾ ಒಳ್ಳೆಯದು, ಹತ್ತು ಪಾಲು ನೀರು ಬೆರೆಸಿ ಹಾಕಿದರೆ ಹೂವು ಜಾಸ್ತಿ. ಆದರೆ ವಾಸನೆ. ಮನೆಗೆ ಬರುವವರು ಮೊದಲು ಕಾಲಿಡುವ ಜಾಗ ಜಗಲಿ. ಇಲ್ಲಿಗೆ ಎರೆಗೊಬ್ಬರ ಸಾಕು, ಹಿಂಡಿ ನೀರು ಹಿತ್ತಲಿಗಿರಲಿ.

ಕೊನೆಗೆ ಗಿಡ

ಜೂನ್‌ನಲ್ಲಿ ಮುಂಗಾರು ಶುರುವಾದ ಮೇಲೆ ಗಿಡ ತಂದೆ. ಗಾಳಿ ತಂಪಾಗಿ, ತೇವ ಇರುವುದರಿಂದ ಬೇರು ಬೇಗ ಕಚ್ಚಿಕೊಳ್ಳುತ್ತದೆ. ಲಾಲ್‌ಬಾಗ್ ಒಳಗಿನ ನರ್ಸರಿಮೆನ್ ಕೋಆಪರೇಟಿವ್ ಸೊಸೈಟಿಯಿಂದ ಕೆಲವು, ಸಿದ್ದಾಪುರದ ಕಡೆಯ ನರ್ಸರಿಗಳಿಂದ ಕೆಲವು. ಎಲೆ ತಿರುಗಿಸಿ ಅಡಿ ನೋಡಿ, ಹತ್ತಿಯಂಥ ಬಿಳಿ ಹಿಟ್ಟು ಇದ್ದರೆ ಅದು ಹಿಟ್ಟು ತಿಗಣೆ, ಆ ಗಿಡ ಬೇಡ. ತುಂಬಾ ಹೂವು ಬಿಟ್ಟಿರುವುದಕ್ಕಿಂತ ಮೊಗ್ಗು, ಚಿಗುರು ಇರುವುದು ಮೇಲು.

ನರ್ಸರಿ ಗಿಡ ನೆಡುವಾಗ ಒಂದು ಸೂಕ್ಷ್ಮ ಇದೆ. ಕಪ್ಪು ಕವರಿನಲ್ಲಿ ಬರುವ ಗಿಡದ ಬುಡಕ್ಕೆ ಗಟ್ಟಿ ಕೆಂಪು ಜೇಡಿಮಣ್ಣಿನ ಉಂಡೆ ಇರುತ್ತದೆ. ಅದನ್ನು ಹಾಗೇ ತೆಗೆದು ಹಗುರ ಮಣ್ಣಿನಲ್ಲಿ ಕೂರಿಸಿದರೆ, ಹಾಕಿದ ನೀರು ಸುತ್ತಲಿನ ಸಡಿಲ ಮಣ್ಣಿನಲ್ಲಿ ಇಳಿದುಹೋಗುತ್ತದೆ. ಉಂಡೆಯ ಒಳಗೆ ಒಣಗಿಯೇ ಇರುತ್ತದೆ. ಮೇಲಿನಿಂದ ಮಣ್ಣು ಒದ್ದೆ ಕಾಣುತ್ತದೆ, ಗಿಡ ಬಾಡುತ್ತದೆ, ಏನಾಯಿತೆಂದು ತಿಳಿಯುವುದಿಲ್ಲ. ಅದಕ್ಕೆ ಕವರಿನ ಸಮೇತ ಗಿಡವನ್ನು ಬಕೆಟ್ ನೀರಿನಲ್ಲಿ ಗುಳ್ಳೆ ಬರುವುದು ನಿಲ್ಲುವ ತನಕ ಇಟ್ಟೆ. ಆಮೇಲೆ ಕವರ್ ಕತ್ತರಿಸಿ, ಉಂಡೆಯ ಹೊರಗಿನ ಮಣ್ಣನ್ನು ಹೆಬ್ಬೆರಳಿನಿಂದ ಮೆಲ್ಲಗೆ ಸವರಿ ಬಿಡಿಸಿದೆ. ಬಿಳಿ ಬೇರುಗಳ ತುದಿ ಕಾಣಿಸುವಷ್ಟು ಸಾಕು. ಆ ತುದಿಗಳು ಹೊಸ ಮಣ್ಣಿಗೆ ತಾಗಿದರೆ ಗಿಡ ನಿಂತಂತೆ. ನರ್ಸರಿಯಲ್ಲಿ ಹಸಿರು ನೆಟ್ ಕೆಳಗೆ ಬೆಳೆದವು ಇವು. ಒಂದು ವಾರ ಒಳಗಿನ ಗೋಡೆ ಪಕ್ಕ ನೆರಳಲ್ಲಿಟ್ಟು, ಆಮೇಲೆ ಅಂಚಿಗೆ ತಂದೆ.

ಉತ್ತರದ ಪೆಟ್ಟಿಗೆಯಲ್ಲಿ ಮೂರು ನಿತ್ಯಪುಷ್ಪ, ಒಂದು ಲೋಳೆಸರ, ಒಂದು ದೊಡ್ಡಪತ್ರೆ. ಮೂರೂ ಬಿಸಿಲಿಗೆ ಜಗ್ಗುವವಲ್ಲ, ನೀರು ಜಾಸ್ತಿ ಆದರೇ ಕೊಳೆಯುವುದು. ದಕ್ಷಿಣದ ಪೆಟ್ಟಿಗೆಯಲ್ಲಿ ಸಾಲಾಗಿ ಕನಕಾಂಬರ. ಅರೆನೆರಳಿನಲ್ಲೂ ಹೂವು ಕೊಡುವ ಗಿಡ, ಕಿತ್ತ ಹೂವು ಬೇಗ ಬಾಡುವುದಿಲ್ಲ, ಅಮ್ಮನಿಗೆ ಕಟ್ಟೋಕೆ ಬೇಕೇಬೇಕು. ಟೇಬಲ್ ರೋಸ್ ಕೇಳಿದವರು ಬಹಳ ಜನ. ಅದು ಬೆಳಗಿನ ಬಿಸಿಲಿಗೆ ಅರಳಿ ಮಧ್ಯಾಹ್ನಕ್ಕೆ ಮುದುಡುವ ಹೂವು. ಬಿಸಿಲು ಮಧ್ಯಾಹ್ನವೇ ಬರುವ ನಮ್ಮ ಜಗಲಿಯಲ್ಲಿ ಅದಕ್ಕೆ ಅರಳೋಕೆ ಹೊತ್ತೇ ಸಿಗುವುದಿಲ್ಲ.

ಸಂಜೆ ಕೂರುವ ಜಗಲಿಗೆ ಸಂಜೆ ಅರಳುವ ಹೂವೇ ಬೇಕಲ್ವಾ? ಮೆಟ್ಟಿಲ ಕೆಳಗೆ, ಗೇಟಿನ ಪಕ್ಕ, 12 ಇಂಚಿನ ಮಣ್ಣಿನ ಕುಂಡದಲ್ಲಿ ಸಂಜೆಮಲ್ಲಿಗೆ ಹಾಕಿದೆ. ಬೀಜದಿಂದಲೇ ಬರುತ್ತದೆ, ಥೇಟ್ ಕರಿಮೆಣಸಿನ ಹಾಗಿರುವ ಬೀಜ. ನಾಲ್ಕು ಗಂಟೆ ದಾಟಿದ ಮೇಲೆ ಅರಳೋಕೆ ಶುರು, ನಯವಾದ ಪರಿಮಳ. ಒಂದೇ ಗಿಡದಲ್ಲಿ ಗುಲಾಬಿ, ಹಳದಿ, ಎರಡೂ ಬೆರೆತ ಹೂವು ಬಿಡುವುದುಂಟು. ಕೆಳಗೆ ಗೆಡ್ಡೆ ಕಟ್ಟುವುದರಿಂದ ಸಣ್ಣ ಕುಂಡ ಆಗುವುದಿಲ್ಲ. ಬೀಜ ಮತ್ತು ಗೆಡ್ಡೆ ವಿಷ. ಪಕ್ಕದ ಮನೆಯ ಪುಟ್ಟ ಮಗು ನಮ್ಮ ಜಗಲಿಗೆ ದಿನಾ ಬರುತ್ತದೆ, ಹಾಗಾಗಿ ಬೀಜ ಕಪ್ಪಾಗುತ್ತಿದ್ದಂತೆ ಆರಿಸಿ ಡಬ್ಬಿಗೆ ಹಾಕುತ್ತೇನೆ. ನಿತ್ಯಪುಷ್ಪವೂ ಬಾಯಿಗೆ ಹೋಗಬಾರದ ಗಿಡವೇ, ಮಗು ಬಂದಾಗ ಯಾರಾದರೂ ಪಕ್ಕದಲ್ಲಿರುತ್ತೇವೆ. ಕಣಗಿಲೆ, ಡೈಫನ್‌ಬೇಕಿಯಾ ಎರಡನ್ನೂ ತರಲೇ ಇಲ್ಲ.

ದುಂಡುಮಲ್ಲಿಗೆ 14 ಇಂಚಿನ ಕುಂಡದಲ್ಲಿ, ಸಜ್ಜಾದ ಆಚೆ, ಮಧ್ಯಾಹ್ನದಿಂದ ಸಂಜೆ ತನಕ ಬಿಸಿಲು ಸಿಗುವ ಕಡೆ. ಐದಾರು ಗಂಟೆ ಬಿಸಿಲಿಲ್ಲದಿದ್ದರೆ ಮಲ್ಲಿಗೆ ಎಲೆ ಬಿಡುತ್ತದೆ, ಮೊಗ್ಗು ಬಿಡುವುದಿಲ್ಲ. ತುಳಸಿಯೂ ಬಯಲಲ್ಲೇ ಇದೆ, ಅದನ್ನು ಜಗಲಿ ನೆರಳಿಗೆ ಎಳೆಯಲಿಲ್ಲ. ಒಳಗಿನ ಗೋಡೆ ಪಕ್ಕ ಎರಡು ಸ್ನೇಕ್ ಪ್ಲಾಂಟ್. ದಕ್ಷಿಣದ ಒಳಮೂಲೆಯಲ್ಲಿ, ನೇರ ಬಿಸಿಲು ಆದಷ್ಟು ಕಮ್ಮಿ ತಾಗುವ ಕಡೆ, ಬ್ರಹ್ಮಕಮಲ. ಪಕ್ಕದ ಮನೆ ಆಂಟಿ ಒಂದು ಎಲೆ ಕೊಟ್ಟಿದ್ದರು, ಅದನ್ನೇ ಮಣ್ಣಿಗೆ ಚುಚ್ಚಿದ್ದು. ಕಳ್ಳಿ ಜಾತಿಯದು, ಎಲೆಯಿಂದಲೇ ಬೇರು ಬರುತ್ತದೆ. ಹೂವು ನೋಡೋಕೆ ಇನ್ನೂ ಕಾಯಬೇಕು. ಫರ್ನ್ ಇಲ್ಲಿ ಬೇಡ. ಪಶ್ಚಿಮದ ಬಿಸಿಗಾಳಿಗೆ ತುದಿ ಸುಟ್ಟುಹೋಗುತ್ತದೆ.

ಕಟ್ಟೆ ಮೇಲೆ ಒಂದೂ ಕುಂಡವಿಲ್ಲ. ಕರೆಂಟ್ ಮೀಟರ್ ಕೆಳಗೂ ಜಾಗ ಬಿಟ್ಟಿದ್ದೇನೆ, ತಿಂಗಳಿಗೊಮ್ಮೆ ರೀಡಿಂಗ್‌ಗೆ ಬರುವವರು ಗಿಡ ತುಳಿಯದೆ ನಿಲ್ಲಬೇಕು.

ನೀರು, ಸೊಳ್ಳೆ, ಮುಂದಿನ ಕೆಲಸ

2024ರ ಮಾರ್ಚ್‌ನಲ್ಲಿ ಜಲಮಂಡಳಿ ಕುಡಿಯುವ ನೀರನ್ನು ಗಿಡಗಳಿಗೆ, ವಾಹನ ತೊಳೆಯೋಕೆ ಬಳಸಬಾರದು, ಬಳಸಿದರೆ 5,000 ರೂಪಾಯಿ ದಂಡ ಅಂತ ಆದೇಶ ಮಾಡಿತ್ತು. ಅಂದಿನಿಂದ ನಮ್ಮ ಮನೆಯಲ್ಲಿ ಅಕ್ಕಿ, ಬೇಳೆ, ತರಕಾರಿ ತೊಳೆದ ನೀರು ಒಂದು ಬಕೆಟ್ಟಿಗೆ ಸೇರುತ್ತದೆ. ಜಗಲಿಯ ಗಿಡಗಳಿಗೆ ಅದು ಸಾಕಾಗುತ್ತದೆ. ನೀರು ಫಿಲ್ಟರಿನ ಆರ್‌ಒ ಹೊರಗೆ ಬಿಡುವ ನೀರನ್ನು ಮಾತ್ರ ದಿನಾ ಗಿಡಕ್ಕೆ ಹಾಕಬೇಡಿ, ಅದರಲ್ಲಿ ಲವಣ ಜಾಸ್ತಿ. ಎಲೆ ತುದಿ ಕಂದುತ್ತದೆ, ನೆಲದ ಮೇಲೆ ಬಿಳಿ ಬಳೆ ಮತ್ತೆ ಮೂಡುತ್ತದೆ. ಜಗಲಿ ಒರೆಸೋಕೆ ಬಳಸಿ.

ಕುಂಡದ ಕೆಳಗೆ ತಟ್ಟೆ ಇಟ್ಟಿಲ್ಲ. ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಆ ತಟ್ಟೆಯ ಬೊಗಸೆ ನೀರೇ ಸಾಕು. ಮೊಟ್ಟೆಯಿಂದ ಹಾರುವ ಸೊಳ್ಳೆ ಆಗೋಕೆ ಒಂದು ವಾರದಿಂದ ಹತ್ತು ದಿನ ಅಷ್ಟೇ. ಮೊಟ್ಟೆಗಳು ಒಣಗಿದ ತಟ್ಟೆಯ ಅಂಚಿನಲ್ಲಿ ತಿಂಗಳುಗಟ್ಟಲೆ ಬದುಕಿರುತ್ತವೆ. ತಟ್ಟೆ ಬೇಕೇ ಬೇಕು ಅನ್ನುವವರು ವಾರಕ್ಕೊಮ್ಮೆ ನೀರು ಚೆಲ್ಲಿದರೆ ಸಾಲದು, ಅಂಚನ್ನು ಉಜ್ಜಿ ತೊಳೆಯಬೇಕು. ನಾನು ಮಣ್ಣಿನ ಕುಂಡಗಳ ಕೆಳಗೆ ಮೂರು ಕಡೆ ಹೆಂಚಿನ ತುಂಡು ಕೊಟ್ಟು ಎತ್ತರಿಸಿದ್ದೇನೆ, ತೂತಿನಿಂದ ಬಂದ ನೀರು ಹರಿದು ಹೊರಗೆ ಹೋಗುತ್ತದೆ.

ಹಿಟ್ಟು ತಿಗಣೆ ಬಂದರೆ ಮೊದಲು ಇರುವೆ ಸಾಲು ಕಾಣುತ್ತದೆ. ಅವು ಸಿಹಿ ಅಂಟಿಗಾಗಿ ತಿಗಣೆಯನ್ನು ಕಾಯುತ್ತವೆ. ನೀರು ರಭಸವಾಗಿ ಹೊಡೆದು ತೊಳೆದು, ಒಂದು ಲೀಟರ್ ನೀರಿಗೆ 5 ಮಿಲಿ ಬೇವಿನ ಎಣ್ಣೆ, ಕೆಲವು ಹನಿ ಸೋಪಿನ ದ್ರವ ಕಲಸಿ ಸಂಜೆ ಬಿಸಿಲಿಳಿದ ಮೇಲೆ ಸಿಂಪಡಿಸಿದರೆ ಹತೋಟಿಗೆ ಬರುತ್ತದೆ. ಬಿಸಿಲಲ್ಲಿ ಎಣ್ಣೆ ಹೊಡೆದರೆ ಎಲೆ ಸುಡುತ್ತದೆ.

ಬೆಂಗಳೂರಿಗೆ ಜೋರು ಮಳೆ ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಆಗ ಉತ್ತರದ ಪೆಟ್ಟಿಗೆಯ ಲೋಳೆಸರವನ್ನು ಎತ್ತಿ ಒಳಗೋಡೆ ಪಕ್ಕಕ್ಕೆ ಇಡುತ್ತೇನೆ. ದೀಪಾವಳಿ ಕಳೆದು ಮಳೆ ನಿಂತ ಮೇಲೆ ಪೆಟ್ಟಿಗೆಗಳನ್ನು ಒಣಗಿಸಿ, ಸ್ಯಾಂಡ್ ಪೇಪರ್ ತಿಕ್ಕಿ ಇನ್ನೊಂದು ಸಲ ಎಣ್ಣೆ ಬಳಿಯಬೇಕು. ಡಿಸೆಂಬರಿನಲ್ಲಿ ಮಲ್ಲಿಗೆಗೆ ನೀರು ಕಮ್ಮಿ ಮಾಡಿ, ಎಲೆ ಕಿತ್ತು, ಕೊಂಬೆ ಅರ್ಧಕ್ಕೆ ಸವರಿ, ಸಂಕ್ರಾಂತಿ ಕಳೆದ ಮೇಲೆ ಗೊಬ್ಬರ ಕೊಟ್ಟು ನೀರು ಶುರು ಮಾಡಿದರೆ ಬೇಸಿಗೆಗೆ ಮೊಗ್ಗು ಬರುತ್ತದೆ. ಫೆಬ್ರವರಿ ಕೊನೆಗೆ ಮತ್ತೆ ಸೀಮೆಸುಣ್ಣ ಹಿಡಿದು ಗೆರೆ ಎಳೆಯುವುದಿದೆ. ಹೊಂಗೆಯ ಕೆಲವು ಕೊಂಬೆಗಳು ಕರೆಂಟ್ ತಂತಿಗೆ ತಾಗುತ್ತವೆ ಅಂತ ಈ ಮಳೆಗಾಲದಲ್ಲಿ ಕಡಿದಿದ್ದಾರೆ. ದಕ್ಷಿಣದ ಕಟ್ಟೆಗೆ ಮುಂದಿನ ಬೇಸಿಗೆಯಲ್ಲಿ ನೆರಳು ಎಷ್ಟು ಹೊತ್ತಿಗೆ ಬರುತ್ತದೆ ನೋಡಬೇಕು. ಬಿಸಿಲು ಜಾಸ್ತಿಯಾದರೆ ಆ ಕಡೆ ಸಜ್ಜಾದಿಂದ ಲಾವಂಚದ ಚಾಪೆ ಇಳಿಬಿಡೋಕೆ ಎರಡು ಕೊಕ್ಕೆ ಈಗಲೇ ಹಾಕಿಸಿಟ್ಟಿದ್ದೇನೆ.